ಚಿಪ್ಪಿನ ಒಳಗಿನ ಹೆಸರು

ತೆಂಗಿನ ಸೀಮೆಯ ಜನಕ್ಕೆ ಹೊರಗನ್ನು ಕಂಡು ಒಳಗನ್ನು ನಂಬುವ ಅಭ್ಯಾಸವಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮನೆಗಳಲ್ಲಿ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಕಾದು, ನೀರು ಇಂಗಿತೆ, ತಿರುಳು ಚಿಪ್ಪನ್ನು ಬಿಟ್ಟಿತೆ ಎಂಬುದನ್ನು ಕಿವಿಯ ಬಳಿ ಅಲ್ಲಾಡಿಸಿ ತಿಳಿಯುತ್ತಾರೆ. ಗಡಗಡ ಸದ್ದಾದರೆ ಉಂಡೆ ಕೊಬ್ಬರಿ ಸಿದ್ಧ. ಇಲ್ಲವಾದರೆ ಕಾಯಿ ಮರಳಿ ಅಟ್ಟಕ್ಕೆ. ಇಂತಹ ಪರೀಕ್ಷಕರೇ ಪೇಟೆಯಿಂದ ಯಂತ್ರವೊಂದನ್ನು ತಂದಾಗ ಮಾತ್ರ ಡಬ್ಬಿಯ ಮೇಲಿನ ಅಕ್ಷರವನ್ನು ವೇದವಾಕ್ಯವೆಂದು ನಂಬಿಬಿಡುವುದು ಸೋಜಿಗವಲ್ಲವೆ?

ಮಾಯಸಂದ್ರದ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಹತ್ತು ವರ್ಷ ದಾಟಿದ ಕಂಪ್ಯೂಟರೊಂದಿದೆ. ತಿಪಟೂರಿನ ಕೊಬ್ಬರಿ ಧಾರಣೆ ನೋಡುವುದರಿಂದ ಹಿಡಿದು ಮೊಮ್ಮಗಳ ಪಾಠಪ್ರವಚನದವರೆಗೆ ಎಲ್ಲಕ್ಕೂ ಅದೇ ಆಸರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ಆವೃತ್ತಿಗೆ ಏರುವ ಯೋಗ್ಯತೆ ಆ ಹಳೆಯ ಯಂತ್ರಕ್ಕಿರಲಿಲ್ಲ. ಹೊಸದನ್ನು ಕೊಳ್ಳಬೇಕೆಂದರೆ ಹುಡುಗಿಯ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣಕ್ಕೆ ಕೈಹಾಕಬೇಕು. ಆದುದರಿಂದ ಬೆಂಗಳೂರಿನ ಸೋದರಮಾವನು 2022ರಲ್ಲಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿದ್ದ ಉಬುಂಟು 22.04 ಎಂಬ ಲಿನಕ್ಸ್ ವ್ಯವಸ್ಥೆಯನ್ನು ಅದರಲ್ಲಿ ಪ್ರತಿಷ್ಠಾಪಿಸಿದ್ದಾಯಿತು.

ಎಲ್ಲವೂ ಸರಿಯಾಯಿತು, ವೈಫೈ ಒಂದನ್ನುಳಿದು. ಯಂತ್ರದ ಬೆನ್ನಿಗೆ ಸಿಕ್ಕಿಸಿದ್ದ ಹೆಬ್ಬೆರಳಿನಷ್ಟು ಗಾತ್ರದ ಯುಎಸ್‌ಬಿ ಅಡಾಪ್ಟರು, ಅಂದಿನವರೆಗೆ ನಿರಾತಂಕವಾಗಿ ದುಡಿದದ್ದು, ಈಗ ಮೌನ ತಾಳಿತು. ಮನೆಗೆ ಬಂದವರೆಲ್ಲ ವೈದ್ಯರಾದರು. ಒಬ್ಬರು ಅಡಾಪ್ಟರು ಸುಟ್ಟಿದೆಯೆಂದರು. ಮತ್ತೊಬ್ಬರು ಬಿಟ್ಟಿ ಬಂದ ಲಿನಕ್ಸಿನ ಯೋಗ್ಯತೆಯೇ ಇಷ್ಟೆಂದರು. ಮೂರನೆಯವರು ಯಂತ್ರವನ್ನೇ ಗುಜರಿಗೆ ಹಾಕಿರೆಂದರು. ಯಂತ್ರವನ್ನೇ ಒಂದು ಮಾತು ಕೇಳೋಣವೆಂದು ಯಾರಿಗೂ ತೋಚಲಿಲ್ಲ.

ಕೇಳಿದವಳು ಮೊಮ್ಮಗಳು. ಎಲ್‌ಎಸ್‌ಯುಎಸ್‌ಬಿ ಎಂಬ ಒಂದೇ ಪದದ ಆಜ್ಞೆಗೆ ಲಿನಕ್ಸು ತನಗೆ ತಗುಲಿಸಿರುವ ಸಕಲ ಯುಎಸ್‌ಬಿ ಸಾಧನಗಳ ಕುಲಗೋತ್ರಗಳನ್ನು ಒಪ್ಪಿಸುತ್ತದೆ. ಪಟ್ಟಿಯಲ್ಲಿ ಡಬ್ಬಿಯ ಮೇಲಿನ ಹೆಸರು ಎಲ್ಲಿಯೂ ಇರಲಿಲ್ಲ. ಇದ್ದದ್ದು ರಿಯಲ್‌ಟೆಕ್ ಎಂಬ ಹೆಸರು, 0ಬಿಡಿಎ:1ಎ2ಬಿ ಎಂಬ ಸಂಖ್ಯೆ.

"ತಾತ, ಇದು ತಾನು ಸಿ.ಡಿ. ಎಂದು ಹೇಳಿಕೊಳ್ಳುತ್ತಿದೆ!" ಎಂದಳು ಹುಡುಗಿ.

"ಸುಳ್ಳು ಹೇಳುವುದಕ್ಕೂ ಒಂದು ಕಾರಣವಿರಬೇಕಲ್ಲ, ಪುಟ್ಟಿ," ಎಂದರು ಉಪಾಧ್ಯಾಯರು.

ಕಾರಣವಿತ್ತು. ಡಬ್ಬಿಯ ಮೇಲಿನ ಹೆಸರು ಮಾರುವವರದು. ದುಡಿಯುವ ಚಿಪ್ಪು ಬೇರೆಯವರದು. ವಿಂಡೋಸಿಗೆ ಬೇಕಾದ ಚಾಲಕ ತಂತ್ರಾಂಶವನ್ನು ಪ್ರತ್ಯೇಕ ಸಿ.ಡಿ.ಯಲ್ಲಿ ಕೊಡುವುದನ್ನು ತಪ್ಪಿಸಲು ಇಂತಹ ಅಡಾಪ್ಟರುಗಳ ಹೊಟ್ಟೆಯಲ್ಲೇ ಅದನ್ನು ತುಂಬಿರುತ್ತಾರೆ. ಸಿಕ್ಕಿಸಿದೊಡನೆ ಅದು ಸಿ.ಡಿ.ಯ ವೇಷದಲ್ಲಿ ರಂಗಕ್ಕೆ ಬರುತ್ತದೆ. ವಿಂಡೋಸಿನ ಚಾಲಕನು ವೇಷ ಕಳಚಿಸಿ ಕೆಲಸಕ್ಕೆ ಹಚ್ಚುತ್ತಾನೆ. ಲಿನಕ್ಸಿನಲ್ಲಿ ಹಾಗೆ ಕಳಚಿಸುವವರಿರದಿದ್ದರೆ ಅದು ಸಿ.ಡಿ.ಯಾಗಿಯೇ ಕುಳಿತಿರುತ್ತದೆ. ಕಡತಗಳ ಕಿಟಕಿಯಲ್ಲಿ ಕಾಣುತ್ತಿದ್ದ ಆ ಹುಸಿ ಸಿ.ಡಿ.ಯನ್ನು ಹುಡುಗಿ ಹೊರದೂಡುವ ಗುಂಡಿ ಒತ್ತಿದಳು. ಮರುಕ್ಷಣ ಪಟ್ಟಿಯಲ್ಲಿ ಸಂಖ್ಯೆ ಬದಲಾಗಿ 0ಬಿಡಿಎ:ಸಿ811 ಎಂದಾಯಿತು. ಅಂದರೆ ಆರ್‌ಟಿಎಲ್ 8811ಸಿಯು ಎಂಬ ನಿಜವಾದ ವೈಫೈ ಚಿಪ್ಪು.

ಹೆಸರು ಸಿಕ್ಕಿತು; ವೈಫೈ ಸಿಗಲಿಲ್ಲ. ಇಲ್ಲಿ ಲಿನಕ್ಸಿನ ತಿರುಳಿನ ಮಾತು ಬರುತ್ತದೆ. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ತಿರುಳೇ ಯಂತ್ರಾಂಗಗಳೊಡನೆ ವ್ಯವಹರಿಸುವ ಭಾಗ. ಅನೇಕ ಚಾಲಕ ತಂತ್ರಾಂಶಗಳು ಅದರೊಳಗೇ ಇರುತ್ತವೆ. ಆ ಮನೆಯ ತಿರುಳು 5.15ನೆಯದು, ಈ ಜಾತಿಯ ಯುಎಸ್‌ಬಿ ಚಿಪ್ಪುಗಳಿಗೆ ಚಾಲಕ ಸೇರಿದ್ದು 2023ರ ಫೆಬ್ರುವರಿಯಲ್ಲಿ ಹೊರಬಂದ 6.2ರಲ್ಲಿ. ಅಡಾಪ್ಟರು ಸುಟ್ಟಿರಲಿಲ್ಲ, ಲಿನಕ್ಸು ಕೆಟ್ಟಿರಲಿಲ್ಲ. ಪೆನ್‌ಡ್ರೈವಿನಲ್ಲಿದ್ದ ಪ್ರತಿ ಹಳೆಯದಾಗಿತ್ತು, ಅಷ್ಟೆ.

ಹೊಸ ತಿರುಳನ್ನು ತರಲು ಅಂತರಜಾಲ ಬೇಕು, ಅಂತರಜಾಲಕ್ಕೆ ಹೊಸ ತಿರುಳು ಬೇಕು! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ನೆನಪಾಗುವ ಸನ್ನಿವೇಶ. ಬಿಡುಗಡೆಯ ದಾರಿ ಸೊಸೆಯ ಕೈಯಲ್ಲಿತ್ತು. ಆಕೆಯ ಮೊಬೈಲ್ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಎಂಬುದನ್ನು ಒತ್ತಿದರೆ, ಬೇರೆ ಚಾಲಕದ ಹಂಗಿಲ್ಲದೆ ಲಿನಕ್ಸಿಗೆ ಸಂಪರ್ಕ ದೊರೆಯುತ್ತದೆ. ಆ ದಾರಿಯಿಂದ ಬಂದ ನವೀಕರಣದೊಡನೆ 6.8ನೆಯ ತಿರುಳು ಬಂದಿತು. ಯಂತ್ರವನ್ನು ಮತ್ತೆ ಆರಂಭಿಸಿ ಹುಸಿ ಸಿ.ಡಿ.ಯನ್ನು ಹೊರದೂಡಿದಾಗ ವೈಫೈ ಹೆಸರುಗಳು ಸಾಲಾಗಿ ಮೂಡಿದವು. ಪ್ರತಿಸಲವೂ ವೇಷ ಕಳಚುವ ಕೆಲಸ ತಾನಾಗಿ ನಡೆಯುವಂತೆ, ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಸಣ್ಣ ತಂತ್ರಾಂಶಕ್ಕೆ ಹುಡುಗಿ ಒಂದು ನಿಯಮವನ್ನೂ ಬರೆದಿಟ್ಟಳು.

ಶುಲ್ಕದ ಹಣ ಶುಲ್ಕಕ್ಕೇ ಉಳಿಯಿತು. ಕೆಟ್ಟಿತೆಂದು ಎಸೆಯುವ ವಸ್ತುಗಳಲ್ಲಿ ನಿಜವಾಗಿ ಕೆಟ್ಟಿರುವುವೆಷ್ಟೋ, ಸರಿಯಾದ ಹೆಸರಿನಿಂದ ಯಾರೂ ಕರೆಯದೆ ಸುಮ್ಮನಿರುವುವೆಷ್ಟೋ! ಮುಂದೆ ಇದನ್ನು ರಿಪೇರಿ ಮಾಡುವವರಿಗೆ ಅನುಕೂಲವಾಗಲೆಂದು ಉಪಾಧ್ಯಾಯರು ಆರ್‌ಟಿಎಲ್ 8811ಸಿಯು ಎಂದು ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಯಂತ್ರದ ಬೆನ್ನಿಗೆ ಅಂಟಿಸಿದ್ದಾರೆ.