ಆರು ಜಾಗ

2008ರಲ್ಲಿ ಅಣ್ಣ ಲಂಡನ್‌ನಲ್ಲಿದ್ದ, ನಾನು ಬೆಂಗಳೂರಿನ ರೂಮಿನಲ್ಲಿ. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತು ಎಕ್ಸ್‌ಬಾಕ್ಸ್ 360ರ ‘ಹ್ಯಾಲೋ 3’ ಆಟದಲ್ಲಿ ಮುಗಿಯುತ್ತಿರಲಿಲ್ಲ. ಅದರ ಫೋರ್ಜ್‌ನಲ್ಲಿ ಆಟಗಾರರೇ ಮ್ಯಾಪ್ ಕಟ್ಟಬಹುದು. ಫೌಂಡ್ರಿ ಎಂಬ ಖಾಲಿ ಗೋದಾಮಿನೊಳಗೆ ಪೆಟ್ಟಿಗೆ, ಗೋಡೆ ಜೋಡಿಸಿ ಅಣ್ಣ ಮಂಜೇಶ್ವರದ ನಮ್ಮ ಹಳೇ ಮನೆ ಕಟ್ಟಿದ: ಅಡಿಕೆ ಅಂಗಳ, ಬಾವಿ, ಉಮ್ಮನ ಅಡುಗೆಕೋಣೆಯ ಹಿಂಬಾಗಿಲು. ನಿಜವಾದ ಮನೆಯನ್ನು ಆಗಲೇ ಪಾಲು ಮಾಡಿ ಕೆಡವಿಯಾಗಿತ್ತು.

ಹಂಚಿಕೊಳ್ಳಲು ಉಚಿತವಾಗಿ ಸಿಗುತ್ತಿದ್ದದ್ದು ಆರು ಜಾಗ, 25 ಎಂಬಿ. ಹೊಸದನ್ನು ಇಡಬೇಕಾದರೆ ಹಳೆಯದನ್ನು ತೆಗೆಯಬೇಕು. ಅಣ್ಣ ‘ಬಂಜಿ ಪ್ರೊ’ ಕೊಂಡ (ತುಳುವಿನಲ್ಲಿ ಬಂಜಿ ಅಂದರೆ ಹೊಟ್ಟೆ, ನಾವು ಎಷ್ಟು ನಕ್ಕೆವೋ!). ವರ್ಷಕ್ಕೆ 750 ಪಾಯಿಂಟ್. 24 ಜಾಗ, 250 ಎಂಬಿ. “ಕಣ್ಣಿಗೆ ಕಾಣದ ಜಾಗಕ್ಕೂ ಬಾಡಿಗೆಯಾ?” ಎಂದು ಉಮ್ಮ ಬೈದರು. ನನಗೇನೂ ದುಬಾರಿ ಅನ್ನಿಸಲಿಲ್ಲ. ಬಾವಿ ಸರಿಸಿದ್ದು, ಪಾಗಾರ ಏರಿಸಿದ್ದು, ಎಲ್ಲ ಪ್ರತಿಗಳೂ ಉಳಿದವು. ಗುರುತಿಲ್ಲದ ಹುಡುಗರು ಇಳಿಸಿಕೊಂಡು ನಮ್ಮ ಅಂಗಳದಲ್ಲಿ ಗುಂಡು ಹಾರಿಸಿದರು.

ಎಕ್ಸ್‌ಬಾಕ್ಸ್ 360ರ ಹ್ಯಾಲೋ ಸರ್ವರ್‌ಗಳು 2022ರ ಜನವರಿಯಲ್ಲಿ ನಿಂತವು. ಒಂದು ಪ್ರತಿ ನನ್ನ ಹಾರ್ಡ್‌ಡಿಸ್ಕಿನಲ್ಲಿದೆ. ಕಳೆದ ರಜೆಯಲ್ಲಿ ಅಣ್ಣನ ಮಗಳು ಅದರೊಳಗೆ ಓಡಾಡಿ, ಬಾವಿಯಲ್ಲಿ ನೀರು ಯಾಕಿಲ್ಲ ಎಂದು ಕೇಳಿದಳು.