ಹಳೆಯ ಮೋಟಾರಿನಲ್ಲಿ ಮಂಗಳೂರಿನಿಂದ ಮೈಸೂರಿಗೆ

ಪ್ರವಾಸವೆಂದರೆ ಹೊಸ ಊರುಗಳನ್ನು ನೋಡುವುದೆಂದೇ ನಾವು ಸಾಮಾನ್ಯವಾಗಿ ತಿಳಿದಿರುವೆವು. ಆದರೆ ಹತ್ತಾರು ಸಲ ಹೋಗಿಬಂದ ದಾರಿಯೇ ಒಂದು ದಿನ ಹೊಸ ಪಾಠವನ್ನು ಹೇಳುವುದುಂಟು. ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ತಂದೆಯವರನ್ನೂ ಅವರ ಹಳೆಯ ಮೋಟಾರು ಗಾಡಿಯನ್ನೂ ಮಂಗಳೂರಿನಿಂದ ಮೈಸೂರಿಗೆ ಕರೆತಂದಾಗ ನನಗಾದ ಅನುಭವವು ಇಂಥದು. ಹಿರಿಯರ ಕಾಲದ ವಸ್ತುವೊಂದನ್ನು ಮನೆಯಲ್ಲಿ ಕಾಪಾಡಿಕೊಂಡಿರುವ ವಾಚಕರಿಗೆ ಇದರಿಂದ ಅಲ್ಪಸ್ವಲ್ಪ ಪ್ರಯೋಜನವಾದೀತೆಂಬ ನಂಬಿಕೆಯಿಂದ ಅದನ್ನು ಇಲ್ಲಿ ಬರೆದಿರುವೆನು.

ಗಾಡಿಯು 1967ನೆಯ ಇಸವಿಯ ಫಿಯಟ್ 1100. ಬೊಂಬಾಯಿಯ ಕುರ್ಲಾದಲ್ಲಿ ತಯಾರಾದುದು. ಇದೇ ಜಾತಿಯ ಗಾಡಿಯು 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರನ್ನು ಪಡೆದು, ಬೊಂಬಾಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮನೆಮಾತಾಯಿತು. ಆ ಟ್ಯಾಕ್ಸಿಗಳೂ 2023ರ ಅಕ್ಟೋಬರಿನ ಕೊನೆಗೆ ಬೀದಿಯಿಂದ ಮರೆಯಾದುವು. ನಮ್ಮ ಗಾಡಿಯದು ತಿಳಿಹಸಿರು ಬಣ್ಣ. ತಂದೆಯವರು ಹೆಸರು ಬರೆಯಿಸಿ ವರ್ಷಗಟ್ಟಲೆ ಕಾದು ಅದನ್ನು ಕೊಂಡರು. ತಾಯಿಯವರು ಮದುವೆಯಾಗಿ ನಮ್ಮ ಮನೆಗೆ ಬಂದುದು ಅದರಲ್ಲಿ. ನಾನು ಹುಟ್ಟಿ ಹತ್ತನೆಯ ದಿನ ಮನೆಯ ಹೊಸ್ತಿಲನ್ನು ದಾಟಿದುದೂ ಅದರಿಂದಿಳಿದೇ. ಕಾರಖಾನೆಯಲ್ಲಿ ಬಳಿದ ಮೊದಲ ಬಣ್ಣವೇ ಇಂದಿಗೂ ಅದರ ಮೈಮೇಲಿದೆಯೆಂಬುದು ತಂದೆಯವರ ಹೆಮ್ಮೆ.

ಈ ಹೆಮ್ಮೆಗೆ ಕುಂದು ತಂದವನು ನಾನೇ. ತಾಯಿಯವರು ತೀರಿಕೊಂಡ ತರುವಾಯ ತಂದೆಯವರು ಒಬ್ಬರೇ ಇರುವುದು ಸರಿಯಲ್ಲವೆಂದು ಮೈಸೂರಿಗೆ ಹೊರಡಿಸಿದೆವು. ಗಾಡಿಯು ಬಂದರೆ ಮಾತ್ರ ತಾವು ಬರುವೆವೆಂದು ಅವರು ಹೇಳಿದರು. ಅವರನ್ನು ಸಂತೋಷಪಡಿಸಬೇಕೆಂಬ ಉತ್ಸಾಹದಲ್ಲಿ, ಹೊರಡುವ ಎರಡು ದಿನ ಮುಂಚೆ, ಅವರಿಗೆ ತಿಳಿಸದೆ ಗಾಡಿಯನ್ನು ಒಂದು ದುರಸ್ತಿ ಅಂಗಡಿಗೆ ಕೊಂಡೊಯ್ದು "ಕನ್ನಡಿಯಂತೆ ಹೊಳೆಯಬೇಕು" ಎಂದೆನು. ಸಂಜೆಗೆ ಅದು ಹೊಳೆಯಿತು, ನಿಜ. ಆದರೆ ಗರಗರನೆ ತಿರುಗುವ ಯಂತ್ರದ ಚಕ್ರವು ಬಾನೆಟ್ಟಿನ ಬಲಗಡೆಯ ಅಂಚಿನಲ್ಲಿ ಒಂದು ಗೇಣುದ್ದ ಬಣ್ಣವನ್ನೆಲ್ಲ ತಿಂದುಹಾಕಿ, ಅಡಿಯ ಬೂದುಬಣ್ಣದ ಲೇಪವನ್ನು ಹೊರಗೆಡಹಿತ್ತು. ತಂದೆಯವರು ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. "ಬೆಳಿಗ್ಗೆ ಬೇಗನೆ ಹೊರಡೋಣ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮುಂಜಾನೆ ಐದು ಗಂಟೆಗೆ ಹೊರಟೆವು. ಮಂಗಳೂರಿನಿಂದ ಮೈಸೂರಿಗೆ ಮಡಿಕೇರಿಯ ಮಾರ್ಗವಾಗಿ ಸುಮಾರು 250 ಕಿಲೋಮೀಟರು. ಹೊರಡುವ ಮುನ್ನ ತಂದೆಯವರು ಒಂದು ಬಕೆಟ್ಟಿನಲ್ಲಿ ಸಾಬೂನಿನ ನೀರನ್ನೂ ಇನ್ನೊಂದರಲ್ಲಿ ಬರಿಯ ನೀರನ್ನೂ ತರಿಸಿ, ಗಾಡಿಯನ್ನು ಮಾಡಿನಿಂದ ಕೆಳಮುಖವಾಗಿ ತಾವೇ ತೊಳೆದಿದ್ದರು. ಕಡಲತೀರದ ಗಾಳಿಯಲ್ಲಿ ಉಪ್ಪು ಇರುವುದು. ಉಪ್ಪು ತೇವವನ್ನು ಎಳೆದು ಹಿಡಿಯುವುದು. ತೇವ ನಿಂತಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೇರೆ. ಇಂಥ ಊರಿನಲ್ಲಿ ಇಷ್ಟು ಕಾಲ ಗಾಡಿಯು ಉಳಿದುದು ಹೇಗೆಂದು ಕೇಳಿದೆನು. ಬಾಗಿಲುಗಳ ಅಡಿಯಲ್ಲಿ ನೀರು ಹರಿದುಹೋಗಲೆಂದು ಇಟ್ಟಿರುವ ಸಣ್ಣ ತೂತುಗಳನ್ನು ಅವರು ತೋರಿಸಿದರು. "ತುಕ್ಕು ಹೊರಗಿನಿಂದ ಬರುವುದಕ್ಕಿಂತ ಒಳಗಿನಿಂದ ಬರುವುದೇ ಹೆಚ್ಚು. ಈ ತೂತುಗಳಲ್ಲಿ ಕೆಸರು ಕಟ್ಟಿದರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ಪ್ರತಿ ತಿಂಗಳೂ ತೆಂಗಿನ ಕಡ್ಡಿಯಿಂದ ಇವನ್ನು ಬಿಡಿಸುತ್ತೇನೆ." ನನ್ನ ಬಾಲ್ಯದಲ್ಲಿ ಅವರು ಭಾನುವಾರಗಳಲ್ಲಿ ಗಾಡಿಯ ಕೆಳಗೆ ಬಗ್ಗಿ ಮಾಡುತ್ತಿದ್ದ ಕೆಲಸವೇನೆಂಬುದು ಅಂದು ತಿಳಿಯಿತು.

ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟುವಾಗ ಬೆಳಕು ಹರಿದಿತ್ತು. ಪುತ್ತೂರಿನಲ್ಲಿ ಕಾಫಿ ಕುಡಿದು, ಕಂಗು-ರಬ್ಬರು ತೋಟಗಳ ನಡುವೆ ಸುಳ್ಯದ ಕಡೆಗೆ ಸಾಗಿದೆವು. ಅಲ್ಲಿಯ ತನಕ ಮೌನವಾಗಿದ್ದ ತಂದೆಯವರು ತಾವಾಗಿಯೇ ಮಾತು ತೆಗೆದರು. "ನೀನು ಮಾಡಿಸಿದ್ದು ಪಾಲಿಷು. ಗಾಡಿಗೆ ಬೇಕಾಗಿದ್ದುದು ಮೇಣ. ಇವೆರಡೂ ಒಂದೇ ಎಂದು ಬಹಳ ಜನ ತಿಳಿಯುತ್ತಾರೆ."

ವಾಚಕರೇ, ಈ ಭೇದವೇ ಇಡೀ ವಿಷಯದ ತಿರುಳು. ಪಾಲಿಷಿನಲ್ಲಿ ಅತಿ ನಯವಾದ ಹರಳು ಪುಡಿ ಇರುವುದು. ಅದು ಮಂಕಾದ ಮೇಲ್ಪದರನ್ನು ಉಜ್ಜಿ ತೆಗೆದು, ಅಡಿಯ ಹೊಸ ಬಣ್ಣವನ್ನು ಹೊರಗೆ ತರುವುದು. ಹೊಳಪು ಬಂದಿತೆಂದರೆ ಬಣ್ಣದಲ್ಲಿ ಅಷ್ಟು ಭಾಗ ಕಳೆದುಹೋಯಿತೆಂದೇ ಅರ್ಥ. ಮೇಣವಾದರೋ ಏನನ್ನೂ ತೆಗೆಯುವುದಿಲ್ಲ. ಬಿಸಿಲು, ನೀರು, ಧೂಳುಗಳಿಗೂ ಬಣ್ಣಕ್ಕೂ ನಡುವೆ ತೆಳ್ಳಗಿನ ಹೊದಿಕೆಯಾಗಿ ನಿಂತು, ತಾನು ಸವೆದು ಬಣ್ಣವನ್ನು ಉಳಿಸುವುದು. ಒಂದು ಕಳೆಯುವುದು, ಇನ್ನೊಂದು ಕಾಯುವುದು. ಗಾಡಿಯ ಬಣ್ಣದ ಒಟ್ಟು ದಪ್ಪವು ತಲೆಗೂದಲೊಂದೆರಡರ ದಪ್ಪದಷ್ಟು ಮಾತ್ರ. ಅಂಚು ಮತ್ತು ಏಣುಗಳಲ್ಲಿ ಅದು ಇನ್ನೂ ತೆಳುವು. ಯಂತ್ರದ ಒತ್ತಡವು ಹೆಚ್ಚಾಗಿ ಬೀಳುವುದೂ ಅಲ್ಲಿಯೇ. ಬಲ್ಲವರು ಅಂಚುಗಳಿಗೆ ಕಾಗದದ ಪಟ್ಟಿಯನ್ನು ಅಂಟಿಸಿ, ಕೈಯಿಂದಲೇ ಮೃದುವಾಗಿ ಉಜ್ಜುವರು.

ಹಳೆಯ ಗಾಡಿ ಮತ್ತು ಹೊಸ ಗಾಡಿಗಳ ಬಣ್ಣದಲ್ಲಿಯೂ ವ್ಯತ್ಯಾಸವುಂಟು. 1920ರ ಮೊದಲು ಮೋಟಾರುಗಳಿಗೆ ಕುದುರೆಗಾಡಿಗಳಿಗೆ ಹಚ್ಚುವಂತೆಯೇ ವಾರ್ನಿಷು ಬಣ್ಣವನ್ನು ಹಚ್ಚುತ್ತಿದ್ದರು; ಎಲ್ಲ ಪದರಗಳೂ ಒಣಗಲು ವಾರಗಳೇ ಹಿಡಿಯುತ್ತಿದ್ದುವು. ಬೇಗನೆ ಒಣಗುವ ಡ್ಯೂಕೋ ಎಂಬ ಲೇಪವು ಅಮೆರಿಕಾದಲ್ಲಿ 1920ರ ದಶಕದ ನಡುವೆ ಬಳಕೆಗೆ ಬಂದಾಗ ಈ ಕೆಲಸವು ಕೆಲವು ಗಂಟೆಗಳಿಗೆ ಇಳಿಯಿತು. ನಮ್ಮಲ್ಲಿ ಬಣ್ಣದವರು ಇಂದಿಗೂ ಯಾವ ಗಾಡಿಯ ಬಣ್ಣವನ್ನಾದರೂ 'ಡ್ಯೂಕೋ' ಎನ್ನುವುದು ಆ ಹೆಸರಿನ ನೆನಪು. 1980ರ ದಶಕದಿಂದೀಚೆಗೆ ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಪದರನ್ನು ಹಚ್ಚುವ ಪದ್ಧತಿಯು ಹರಡಿತು. ಹಳೆಯ ಗಾಡಿಗಳಿಗೆ ಈ ಕವಚವಿಲ್ಲ. ಪಾಲಿಷು ಮಾಡಿದ ಬಟ್ಟೆಗೆ ಗಾಡಿಯ ಬಣ್ಣವೇ ಹತ್ತಿದರೆ ಅದು ಕವಚವಿಲ್ಲದ ಬಣ್ಣವೆಂದು ತಿಳಿಯತಕ್ಕದ್ದು. ಆ ದಿನ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಬಟ್ಟೆಗಳೆಲ್ಲ ತಿಳಿಹಸಿರಾಗಿದ್ದುದು ನನಗೆ ಆಗ ನೆನಪಾಯಿತು.

ಪಯಸ್ವಿನೀ ಹೊಳೆಯ ಬದಿಯಲ್ಲಿ ಸಾಗಿ ಸಂಪಾಜೆಯನ್ನು ಮುಟ್ಟುವಷ್ಟರಲ್ಲಿ ಮೋಡ ಕವಿದು, ಘಾಟಿಯ ಮೊದಲ ತಿರುವುಗಳಲ್ಲಿಯೇ ಮಳೆ ಹಿಡಿಯಿತು. ಹಳೆಯ ಗಾಡಿಯ ಒರಸುಗಡ್ಡಿಗಳನ್ನು ನಂಬಲಾರದೆ ರಸ್ತೆಯ ಬದಿಯಲ್ಲಿ ನಿಲ್ಲಿಸಿದೆವು. ತಂದೆಯವರು ಕಿಟಕಿಯಿಂದ ಬಾನೆಟ್ಟನ್ನು ತೋರಿಸಿದರು. ಯಂತ್ರವು ಹೆಚ್ಚಾಗಿ ಮುಟ್ಟದೆ, ಅವರ ಹಳೆಯ ಮೇಣವು ಉಳಿದಿದ್ದ ಎಡಗಡೆಯ ಮೂಲೆಯಲ್ಲಿ ಮಳೆಯ ನೀರು ಕೆಸುವಿನ ಎಲೆಯ ಮೇಲಿನಂತೆ ಗುಂಡಗುಂಡಾಗಿ ನಿಂತು ಉರುಳಿಹೋಗುತ್ತಿತ್ತು. ಬಲಗಡೆಯಲ್ಲಿ ನೀರು ಹರಡಿಕೊಂಡು, ಬೂದುಬಣ್ಣದ ಗಾಯದ ಮೇಲೆ ಹಾಗೆಯೇ ಅಂಟಿ ನಿಂತಿತ್ತು. ಅಡಿಯ ಲೇಪವು ನೀರನ್ನು ಹೀರತಕ್ಕದ್ದು. ತೆರೆದಿಟ್ಟರೆ ಕೆಲವೇ ವಾರಗಳಲ್ಲಿ ಅದರ ಕೆಳಗೆ ತುಕ್ಕು ಮೊಳೆಯುವುದು. ಮಳೆ ಬಿಟ್ಟೊಡನೆ ಅವರು ಇಳಿದು, ಹಳೆಯ ಪಂಚೆಯ ತುಂಡಿನಿಂದ ಆ ಜಾಗವನ್ನು ಒತ್ತಿ ಒಣಗಿಸಿ, ಡಬ್ಬಿಯಿಂದ ಸ್ವಲ್ಪ ಮೇಣವನ್ನು ಬೆರಳಿನಲ್ಲಿ ತೆಗೆದು ಗಾಯಕ್ಕೆ ಮುಲಾಮು ಹಚ್ಚುವಂತೆ ಹಚ್ಚಿದರು. "ಮೈಸೂರು ಮುಟ್ಟುವ ತನಕ ಇದು ಸಾಕು" ಎಂದರು.

ಆ ಮೇಣದ ಹೆಸರು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರವು ಬಿಸಿಲಿನಲ್ಲಿ ತನ್ನ ಎಲೆ ಒಣಗದಂತೆ ಅದರ ಮೇಲೆ ಈ ಮೇಣವನ್ನು ಸುರಿಸಿಕೊಳ್ಳುವುದು. ಜನರು ಎಲೆಯನ್ನು ಒಣಗಿಸಿ, ಬಡಿದು ಅದನ್ನು ತೆಗೆಯುವರು. ಜೇನುಮೇಣವು ಸುಮಾರು 63 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿದರೆ ಇದು 80 ಡಿಗ್ರಿಯನ್ನು ದಾಟಿದ ಮೇಲೆಯೇ ಕರಗುವುದು. ಆದುದರಿಂದ ಬಿಸಿಲಿನಲ್ಲಿ ಕಾದ ತಗಡಿನ ಮೇಲೆಯೂ ನಿಲ್ಲಬಲ್ಲುದು.

ಮಡಿಕೇರಿಯಲ್ಲಿ ಮಂಜು, ಚಳಿ. ಊಟ ಮುಗಿಸಿ ಕುಶಾಲನಗರದ ಆಚೆ ಕಾವೇರಿಯನ್ನು ದಾಟಿದರೆ ಲೋಕವೇ ಬದಲಾಯಿತು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳು, ಕೆಂಪು ಧೂಳು, ಸುಡುವ ಬಿಸಿಲು. ಹುಣಸೂರಿನ ಬಳಿ ಒಂದು ಮರದಡಿ ನಿಂತಾಗ ಕಾಗೆಯೊಂದು ತನ್ನ ಕಾಣಿಕೆಯನ್ನು ಮಾಡಿನ ಮೇಲೆ ಬಿಟ್ಟಿತು. ನಾನು ಕರವಸ್ತ್ರದಿಂದ ಉಜ್ಜಲು ಹೋದೆನು. ತಂದೆಯವರು ತಡೆದು, ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಸಿಟ್ಟು, ನೆನೆದ ಮೇಲೆ ಮೆಲ್ಲನೆ ಎತ್ತಿದರು. ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವೂ ಉಂಟು, ಮರಳಿನಂಥ ಕಣಗಳೂ ಉಂಟು. ಬಿಟ್ಟರೆ ಬಣ್ಣವನ್ನು ಸುಡುವುದು, ಒಣಗಿದಾಗ ಉಜ್ಜಿದರೆ ಗೀರುವುದು. ಧೂಳಿನ ಸಂಗತಿಯೂ ಹೀಗೆಯೇ. ಒಣಬಟ್ಟೆಯಿಂದ ಧೂಳು ಒರೆಸುವವನು ಉಪ್ಪುಕಾಗದದಿಂದ ಒರೆಸುವವನಿಗೆ ಸಮಾನನು. ಕೆಲವರು ಹೊಳಪಿಗಾಗಿ ಸೀಮೆಎಣ್ಣೆಯನ್ನು ಸವರುವರು. ಆ ಜಿಡ್ಡು ಇನ್ನಷ್ಟು ಧೂಳನ್ನು ಹಿಡಿಯುವುದಲ್ಲದೆ, ಕಿಟಕಿಗಳ ರಬ್ಬರನ್ನು ಉಬ್ಬಿಸಿ ಕೆಡಿಸುವುದು.

ಬಂಪರುಗಳ ಬೆಳ್ಳಿಹೊಳಪಿನ ಕ್ರೋಮಿಯಂ ಲೇಪವು ಕೂದಲಿನ ನೂರರಲ್ಲೊಂದು ಪಾಲಿಗಿಂತಲೂ ತೆಳುವಾದುದು. ಅದರ ಸೂಕ್ಷ್ಮ ರಂಧ್ರಗಳಲ್ಲಿ ತೇವವಿಳಿದು ತುಕ್ಕಿನ ಚುಕ್ಕೆಗಳು ಏಳುವುವು. ಅವನ್ನು ತಂತಿಯ ಜುಂಗಿನಿಂದ ತಿಕ್ಕಕೂಡದು. ಅಡಿಗೆಮನೆಯಲ್ಲಿ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದುರಿ, ನೀರಿನಲ್ಲಿ ಅದ್ದಿ ಮೆಲ್ಲನೆ ಉಜ್ಜಿದರೆ ಸಾಕು. ಅಲ್ಯೂಮಿನಿಯಂ ಕ್ರೋಮಿಯಮ್ಮಿಗಿಂತ ಮೃದುವಾದುದರಿಂದ ಗೀರು ಬೀಳದೆ ಮೇಲಿನ ತುಕ್ಕು ಬಿಡುವುದು. ಬಳಿಕ ತೊಳೆದು, ಒಣಗಿಸಿ, ಇದಕ್ಕೂ ಮೇಣವನ್ನು ಸವರಬೇಕು. ಹಿತ್ತಾಳೆಗೆ ನಾವು ಹಾಕುವ ಹುಣಸೆಹುಳಿಯನ್ನು ಇದಕ್ಕೆ ಮುಟ್ಟಿಸದಿರುವುದೇ ಲೇಸು.

ಸಂಜೆ ಐದರ ಹೊತ್ತಿಗೆ ಮೈಸೂರನ್ನು ಸೇರಿದೆವು. ಮರುವಾರ ಮನೆಯಲ್ಲಿ ಚರ್ಚೆ ನಡೆಯಿತು. ಪೂರ್ತಿ ಹೊಸ ಬಣ್ಣ ಹಾಕಿಸಿದರೆ ಗಾಯವೇ ಕಾಣದೆಂದು ನನ್ನ ಅಭಿಪ್ರಾಯ. ನನ್ನ ತಪ್ಪನ್ನು ಮುಚ್ಚುವ ಆಸೆಯೂ ಅದರಲ್ಲಿತ್ತೆಂದು ಒಪ್ಪಿಕೊಳ್ಳಬೇಕು. ತಂದೆಯವರು ಒಪ್ಪಲಿಲ್ಲ. "ಹೊಸ ಬಣ್ಣವನ್ನು ಎಷ್ಟು ಸಲವಾದರೂ ಹಾಕಿಸಬಹುದು. ಮೊದಲಿನ ಬಣ್ಣ ಒಂದೇ ಸಲ. ನಿಮ್ಮ ತಾಯಿ ಕೈಯಿಟ್ಟು ಇಳಿಯುತ್ತಿದ್ದ ಬಾಗಿಲು ಇದು" ಎಂದರು. ಲೋಕದ ಬಲ್ಲವರೂ ಇಂದು ಇದೇ ಮಾತಿಗೆ ಬರುತ್ತಿರುವರು. ಕ್ಯಾಲಿಫೋರ್ನಿಯದ ಪೆಬಲ್ ಬೀಚಿನಲ್ಲಿ 1950ರಿಂದ ನಡೆಯುವ ಹಳೆಯ ಮೋಟಾರುಗಳ ಪ್ರದರ್ಶನದಲ್ಲಿ ಪರಮಬಹುಮಾನವು ಬಹುಕಾಲ ಹೊಸದರಂತೆ ಮಾಡಿದ ಗಾಡಿಗಳಿಗೇ ಸಲ್ಲುತ್ತಿತ್ತು. 2024ರಲ್ಲಿ ಮಾತ್ರ, ಹಳೆಯ ಬಣ್ಣವನ್ನು ಹಾಗೆಯೇ ಉಳಿಸಿಕೊಂಡಿದ್ದ 1934ರ ಬುಗಾಟಿಯೊಂದಕ್ಕೆ ಅದು ಮೊದಲ ಬಾರಿಗೆ ದೊರೆಯಿತು.

ಕಡೆಗೆ ಹೀಗೆ ಮಾಡಿದೆವು. ಗಾಯದ ಮೇಲಿನ ಮೇಣವನ್ನು ಪೂರ್ತಿಯಾಗಿ ತೆಗೆದು, ಹೊಂದಿಸಿ ಕಲಸಿದ ಬಣ್ಣವನ್ನು ಸಣ್ಣ ಕುಂಚದಿಂದ ಬೂದುಬಣ್ಣ ಕಂಡಲ್ಲಿ ಮಾತ್ರ ಹಚ್ಚಿದೆವು. ಕೆಲವು ವಾರ ಒಣಗಬಿಟ್ಟು, ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲೆ, ಒಂದೊಂದೇ ಭಾಗಕ್ಕೆ ತೆಳ್ಳಗೆ ಮೇಣವನ್ನು ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿದೆವು. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಬೇಕೆಂದು ಗೊತ್ತಾಗಿದೆ. ಹೊದಿಸಲು ಪ್ಲಾಸ್ಟಿಕ್ಕಲ್ಲ, ಗಾಳಿಯಾಡುವ ಹತ್ತಿಯ ಹೊದಿಕೆ. ಪ್ಲಾಸ್ಟಿಕ್ಕು ತೇವವನ್ನು ಒಳಗೇ ಕೂಡಿಹಾಕುವುದು.

ಹತ್ತಿರ ಬಂದು ನೋಡಿದರೆ ಆ ಗೇಣುದ್ದದ ತೇಪೆಯು ಈಗಲೂ ಕಾಣುವುದು. ಭಾನುವಾರ ಬೆಳಿಗ್ಗೆ ನನ್ನ ಮಗಳು ಅಜ್ಜನೊಡನೆ ಗಾಡಿಯನ್ನು ತೊಳೆಯುವಾಗ, ಅದು ಏನೆಂದು ಒಮ್ಮೆ ಕೇಳಿದಳು. ತಂದೆಯವರು ನನ್ನ ಕಡೆ ನೋಡಿ ನಕ್ಕು, "ನಿನ್ನಪ್ಪನು ಗಾಡಿಯ ಕೆಲಸವನ್ನು ಕಲಿತ ಜಾಗ" ಎಂದರು. ಬಟ್ಟೆಯನ್ನು ಅವಳಿಂದ ತೆಗೆದುಕೊಂಡು ಆ ಅಂಚನ್ನು ನಾನೇ ಒರೆಸಿದೆನು.