ಎರಡು ಲಿಪಿಯ ಕಂಬವೂ ಒಂದೇ ಲಿಪಿಯ ಆಟಗಳೂ

ಪಟ್ಟದಕಲ್ಲಿಗೆ ಬಂದ ಯಾತ್ರಿಕರು ಸಾಮಾನ್ಯವಾಗಿ ವಿರೂಪಾಕ್ಷನ ಶಿಖರವನ್ನೂ ಎದುರಿನ ನಂದಿಯನ್ನೂ ನೋಡಿ, ಹೊಳೆಯಲ್ಲಿ ಕಾಲು ತೊಳೆದುಕೊಂಡು ಬಾದಾಮಿಯ ಬಸ್ಸನ್ನು ಹಿಡಿಯುವರು. ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ. ಶ. 754ರ ಶಾಸನಸ್ತಂಭದ ಎದುರಿಗೆ ನಿಲ್ಲುವವರು ವಿರಳ. ಅದರ ಮೇಲಿನ ಸಂಸ್ಕೃತ ಶಾಸನವು ಒಂದೇ. ಆದರೆ ಅದನ್ನು ಎರಡು ಸಲ ಕೊರೆದಿರುವರು. ಒಮ್ಮೆ ಈ ನಾಡಿನ ಹಳೆಯ ಕನ್ನಡ-ತೆಲುಗು ಲಿಪಿಯಲ್ಲಿ, ಇನ್ನೊಮ್ಮೆ ಉತ್ತರದೇಶದ ಸಿದ್ಧಮಾತೃಕಾ ಲಿಪಿಯಲ್ಲಿ. ಕಂಬವನ್ನು ನಿಲ್ಲಿಸಿದ ಜ್ಞಾನಶಿವಾಚಾರ್ಯನು ಗಂಗಾತೀರದ ಕಡೆಯಿಂದ ಬಂದವನು. ತನ್ನ ಕಡೆಯವರು ಬಂದರೆ ಅವರಿಗೂ ಓದಲು ಬರಲೆಂದು ಹೀಗೆ ಮಾಡಿಸಿದನೆಂದೇ ಊಹಿಸಬೇಕಾಗುವದು.

ಕೊರೆಯುವ ಕೆಲಸವು ಬರೆಯುವ ಕೆಲಸದಂತಲ್ಲ. ಬರೆದವನು ತಪ್ಪಿದರೆ ಅಳಿಸಿಯಾನು. ಉಳಿ ತಪ್ಪಿದರೆ ಕಲ್ಲೇ ಕೆಟ್ಟಿತು. ಒಂದು ಶಾಸನವನ್ನು ಎರಡು ಸಲ ಕೊರೆಯಿಸುವದೆಂದರೆ ಕೂಲಿಯೂ ಇಮ್ಮಡಿ, ಕಾಲವೂ ಇಮ್ಮಡಿ. ಮಲಪ್ರಭೆಯ ದಂಡೆಯ ಮೇಲೆ ಉತ್ತರದ ಲಿಪಿಯನ್ನು ಓದಬಲ್ಲವರು ಅಂದು ಎಷ್ಟು ಮಂದಿ ಇದ್ದಾರು? ಆ ಸ್ವಲ್ಪ ಮಂದಿಗಾಗಿ ಎರಡನೆಯ ಸಲ ಉಳಿಯನ್ನೆತ್ತಿದರು. ಸಂಸ್ಕೃತಕ್ಕೆ ತನ್ನದೇ ಆದ ಲಿಪಿಯೆಂಬದಿಲ್ಲ. ಅದೇ ಶ್ಲೋಕವು ಕನ್ನಡದಲ್ಲಿ ನಿಂತರೂ, ಗ್ರಂಥದಲ್ಲಿ, ಶಾರದೆಯಲ್ಲಿ, ನಂದಿನಾಗರಿಯಲ್ಲಿ ನಿಂತರೂ ಅರ್ಥಕ್ಕೆ ಕುಂದಿಲ್ಲವೆಂಬದನ್ನು ಪಾಠಶಾಲೆಯ ಹುಡುಗರೆಲ್ಲ ಬಲ್ಲರು. ಕೃತಿಯು ಬೇರೆ, ಅದನ್ನು ಹೊತ್ತ ಲಿಪಿಯು ಬೇರೆ.

ಈ ಭೇದವು ಇಂದು ಹೊಸದೊಂದು ವ್ಯಾಪಾರದಲ್ಲಿ ಮತ್ತೆ ತಲೆಯೆತ್ತಿದೆ. ಗಣಕಯಂತ್ರದ ಮೇಲೆ ಆಡುವ ಆಟಗಳನ್ನು ಈಗ ಪೆಟ್ಟಿಗೆಯಲ್ಲಿಟ್ಟು ಮಾರುವದು ಅಪರೂಪ. ಅಂತರ್ಜಾಲದ ಅಂಗಡಿಗಳಲ್ಲಿ ಹಣ ತೆತ್ತು ಮನೆಯಲ್ಲಿಯೇ ಇಳಿಸಿಕೊಳ್ಳುವರು. ಇವುಗಳಲ್ಲಿ ಹಿರಿದಾದ ಸ್ಟೀಮ್ ಎಂಬದನ್ನು ಅಮೇರಿಕೆಯ ವಾಲ್ವ್ ಕಂಪನಿಯವರು 2003ರಲ್ಲಿ ತೆರೆದರು. ಆಟವು ಒಂದು ಕೃತಿಯೆಂದರೆ, ಯಂತ್ರವನ್ನು ನಡೆಯಿಸುವ ಮೂಲ ತಂತ್ರಾಂಶವನ್ನು ಅದರ ಲಿಪಿಯೆನ್ನಬಹುದು. ವಿಂಡೋಸ್ ಎಂಬದು ಬಹುಜನರ ಲಿಪಿ. ಲಿನಕ್ಸ್ ಎಂಬದು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸನು ಆರಂಭಿಸಿ ಸಾವಿರಾರು ಮಂದಿ ಕೈಗೂಡಿಸಿ ಬೆಳೆಯಿಸಿದ್ದು. ಅದಕ್ಕೆ ಬೆಲೆಯಿಲ್ಲ, ಬೀಗವೂ ಇಲ್ಲ. ಅಂಗಡಿಯಲ್ಲಿ ಪ್ರತಿಯೊಂದು ಆಟದ ಬೆಲೆಯ ಹತ್ತಿರ ಅದು ನಡೆಯುವ ಲಿಪಿಗಳ ಚಿಹ್ನೆಗಳನ್ನು ಹಾಕಿರುವರು. ವಿಂಡೋಸಿನ ಚಿಹ್ನೆಯು ಎಲ್ಲೆಲ್ಲಿಯೂ ಕಾಣುವದು, ಲಿನಕ್ಸಿನದನ್ನು ಹುಡುಕಬೇಕು. ಎಪಿಕ್ ಕಂಪನಿಯವರು 2018ರಲ್ಲಿ ತೆರೆದ ಅಂಗಡಿಗಂತೂ ಲಿನಕ್ಸಿನವರು ಒಳಹೋಗುವ ಬಾಗಿಲನ್ನೇ ಇಟ್ಟಿಲ್ಲ.

ಆಟದ ಮಾತೆಂದು ವಾಚಕರು ನಗಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದ ಮೇಲಿದ್ದವರೇ. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಗೆಯನ್ನು ಕುಳಿತು ರಚಿಸಿದರು. ಆದರೆ ಆ ಆಟಕ್ಕೆ ಬೇಕಾದುದು ಗೆರೆಯೆಳೆದ ಅರಿವೆ ಮಾತ್ರ. ಚೌಕಾಬಾರಾ ಆಡುವ ಹೆಂಗಸರಿಗೆ ಕಟ್ಟೆಯ ಮೇಲೊಂದು ಸುಣ್ಣದ ಗೆರೆ, ನಾಲ್ಕು ಕವಡೆ ಸಾಕು. ಈ ಕಟ್ಟೆಯ ಮೇಲೆ ಆಟ ನಡೆಯದು, ಆ ಕಟ್ಟೆಯನ್ನೇ ಕೊಂಡು ಬಾ ಎಂದು ಹೇಳಿದವರನ್ನು ಹಿಂದೆ ಯಾರೂ ಕಂಡಿಲ್ಲ.

ಪಟ್ಟದಕಲ್ಲಿನ ಒಬ್ಬ ಹುಡುಗನಿಗೆ ಈ ಮಾತನ್ನೇ ಕೇಳಬೇಕಾಗಿ ಬಂದಿತು. ವಿಂಡೋಸಿನ ಹತ್ತನೆಯ ಆವೃತ್ತಿಗೆ ಅದರ ಕಂಪನಿಯವರು 2025ರ ಅಕ್ಟೋಬರ 14ಕ್ಕೆ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿದರು. ಹನ್ನೊಂದನೆಯದು ಬೇಡುವ ಭಾಗಗಳು ಹಳೆಯ ಯಂತ್ರಗಳಲ್ಲಿ ಇರುವದಿಲ್ಲ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಸೋದರಮಾವನು ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸನ್ನು ಹಾಕಿ ಅಳಿಯನಿಗೆ ಕೊಟ್ಟನು. ಓದು ಬರಹಕ್ಕೆಲ್ಲ ಅದು ಚೆನ್ನಾಗಿಯೇ ಒದಗಿತು. ಹೊಳೆಯ ದಂಡೆಯ ಹೊಲದ ಮೇಲೆ ಜೀವಿಸುವ ಮನೆ. ಹೊಸ ಯಂತ್ರದ ಮಾತನ್ನು ಎತ್ತುವಂತಿರಲಿಲ್ಲ. ಗೆಳೆಯರೆಲ್ಲ ಕೂಡಿ ಆಡುವ ಆಟವೊಂದನ್ನು ಕೊಳ್ಳಲು ಹುಡುಗನು ರೊಕ್ಕ ಕೂಡಿಟ್ಟು, ಅಂಗಡಿಯ ಪುಟವನ್ನು ತೆರೆದು ಸುಮ್ಮನೆ ಕುಳಿತಿದ್ದನು.

“ಯಾಕೋ ತಮ್ಮಾ, ರೊಕ್ಕ ಸಾಲವಲ್ವೇನು?” ಎಂದು ಅಜ್ಜನು ಕೇಳಿದನು.

“ರೊಕ್ಕ ಐತಜ್ಜಾ. ಆಟಾನೂ ಐತಿ. ನನ್ನ ಮಷೀನಿಗೆ ಮಾತ್ರ ಇಲ್ಲ.”

“ಅಂದ್ರ ನಿನ್ನ ಮಷೀನಿಗೆ ಅದನ್ನ ಆಡಸೂ ಶಕ್ತಿ ಇಲ್ಲೇನು?”

“ಶಕ್ತಿ ಐತಿ. ಅವರು ಮಾಡಿಲ್ಲ, ಅಷ್ಟ.”

ಆ ‘ಅಷ್ಟ’ ಎಂಬದರಲ್ಲಿ ಎಲ್ಲ ವ್ಯಾಜ್ಯವೂ ಅಡಗಿದೆ. ಯಾಕೆ ಮಾಡಿಲ್ಲವೆಂದರೆ, ಕೊಳ್ಳುವವರು ಕಡಿಮೆಯೆಂದು ಉತ್ತರ ಬರುವದು. ಸುಳ್ಳಲ್ಲ, ಸ್ಟೀಮಿನವರು ಪ್ರತಿ ತಿಂಗಳು ಪ್ರಕಟಿಸುವ ಗಣತಿಯಲ್ಲಿ ಲಿನಕ್ಸಿನವರ ಪಾಲು 2025ರ ಅಕ್ಟೋಬರದಲ್ಲಿ ನೂರಕ್ಕೆ 3ನ್ನು ದಾಟಿದ್ದೇ ದೊಡ್ಡ ಸುದ್ದಿಯಾಯಿತು. ಆದರೆ ಆಟಗಳಿಲ್ಲದ್ದರಿಂದ ಜನರು ಬರುವದಿಲ್ಲ, ಜನರಿಲ್ಲದ್ದರಿಂದ ಆಟಗಳು ಬರುವದಿಲ್ಲ. ತರ್ಕಶಾಸ್ತ್ರವು ಇದನ್ನು ಅನ್ಯೋನ್ಯಾಶ್ರಯದೋಷವೆನ್ನುವದು, ವ್ಯಾಪಾರಿಯು ಇದನ್ನೇ ಲೆಕ್ಕವೆನ್ನುವನು. ಕನ್ನಡಿಗರಿಗೆ ಈ ಲೆಕ್ಕವು ಹೊಸದಲ್ಲ. ಸ್ಟೀಮಿನ ಅಂಗಡಿಯ ಪುಟಗಳನ್ನೇ ಕನ್ನಡದಲ್ಲಿ ಓದುವ ಏರ್ಪಾಡಿಲ್ಲ. ಕೇಳಿದರೆ ಅಲ್ಲಿಯೂ ತಲೆಗಳನ್ನೇ ಎಣಿಸಿ ತೋರಿಸಿಯಾರು. ಸ್ವಲ್ಪ ಮಂದಿಯಾದವರು ಕೊಡುವದರಲ್ಲಿ ಹಿಂದೆಬೀಳುವರೆಂಬದೂ ಸಿದ್ಧವಾದ ಮಾತಲ್ಲ. 2010ರಲ್ಲಿ ಹಂಬಲ್ ಬಂಡಲ್ ಎಂಬ ಹೆಸರಿನಿಂದ ಕೆಲವು ಆಟಗಳನ್ನು ಒಟ್ಟುಗೂಡಿಸಿ, ಮನಬಂದಷ್ಟು ಕೊಟ್ಟು ಒಯ್ಯಿರೆಂದಾಗ, ತಲೆಗೆ ಸರಾಸರಿ ಹೆಚ್ಚು ಹಣ ಕೊಟ್ಟವರು ಲಿನಕ್ಸಿನವರೇ.

ಎರಡನೆಯ ಲಿಪಿಯಲ್ಲಿ ಕೊರೆಯುವ ಪ್ರಯತ್ನಗಳು ಆಗಿಲ್ಲವೆಂದಲ್ಲ. ಡೂಮ್ ಎಂಬ ಹೆಸರಾದ ಆಟವು 1994ರಲ್ಲಿಯೇ ಲಿನಕ್ಸಿಗೆ ಬಂದಿತ್ತು. ಪರರ ಆಟಗಳನ್ನು ಲಿನಕ್ಸಿಗೆ ತರುವದನ್ನೇ ವೃತ್ತಿಯಾಗಿ ಮಾಡಿಕೊಂಡು 1998ರಲ್ಲಿ ಲೋಕಿ ಎಂಬ ಕಂಪನಿಯು ಹುಟ್ಟಿತು. 2002ರ ಆರಂಭದಲ್ಲಿ ಬಾಗಿಲು ಹಾಕಿತು. ಸ್ಟೀಮ್ 2013ರ ಫೆಬ್ರುವರಿಯಲ್ಲಿ ಲಿನಕ್ಸಿನವರಿಗೂ ತೆರೆಯಿತು. ಆದರೆ ಕೊರೆದುದನ್ನು ಅಳಿಸಿದ ದೃಷ್ಟಾಂತವೂ ಉಂಟು. ರಾಕೆಟ್ ಲೀಗ್ ಎಂಬ ಆಟವು 2016ರಲ್ಲಿ ಲಿನಕ್ಸಿಗೆ ಬಂದಿತು. ಕೊಂಡವರು ಕೊಂಡರು, ಆಡಿದರು. 2020ರ ಮಾರ್ಚದಲ್ಲಿ ಅದರ ಕರ್ತರು ಲಿನಕ್ಸ್, ಮ್ಯಾಕ್ ಎರಡಕ್ಕೂ ಬೆಂಬಲವನ್ನು ಹಿಂತೆಗೆದರು. ಆಡುವವರಲ್ಲಿ ಈ ಎರಡೂ ಕೂಡಿ ನೂರಕ್ಕೆ 0.3ಕ್ಕಿಂತ ಕಡಿಮೆ ಎಂದು ಕಾರಣ ಹೇಳಿದರು. ಹಣವನ್ನು ಮರಳಿ ಕೊಡುವೆವೆಂದದ್ದು ಅವರ ಸೌಜನ್ಯ. ಕಂಬದ ಮೇಲಿನ ಒಂದು ಲಿಪಿಯನ್ನು, ಓದುವವರು ಸಾಲರೆಂದು, ಕಾಲಾನಂತರ ಉಜ್ಜಿಹಾಕಿದಂತಾಯಿತು.

ಈ ನಡುವೆ ವಾಲ್ವಿನವರು ಬೇರೊಂದು ಉಪಾಯವನ್ನು ಹಿಡಿದರು. ವಿಂಡೋಸಿನ ತಂತ್ರಾಂಶವನ್ನು ಲಿನಕ್ಸಿನ ಮೇಲೆ ನಡೆಯಿಸುವ ವೈನ್ ಎಂಬದೊಂದನ್ನು 1993ರಿಂದಲೂ ಸ್ವಯಂಸೇವಕರು ಕಟ್ಟುತ್ತ ಬಂದಿದ್ದರು. ಅದರ ಮೇಲೆ ಮನೆ ಕಟ್ಟಿ, 2018ರ ಆಗಸ್ಟದಲ್ಲಿ ಪ್ರೋಟಾನ್ ಎಂಬ ದುಭಾಷಿಯನ್ನು ನಿಲ್ಲಿಸಿದರು. ಆಟವು ತನ್ನ ಭಾಷೆಯಲ್ಲಿಯೇ ಮಾತನಾಡುವದು, ದುಭಾಷಿಯು ಅದನ್ನು ಕ್ಷಣಕ್ಷಣಕ್ಕೆ ಲಿನಕ್ಸಿಗೆ ತಿಳಿಸುವದು. 2022ರಲ್ಲಿ ಸ್ಟೀಮ್ ಡೆಕ್ ಎಂಬ ಕೈಯಂತ್ರವು ಲಿನಕ್ಸಿನ ಮೇಲೆಯೇ ಹೊರಬಂದಮೇಲೆ ದುಭಾಷಿಗೆ ಮಾನವೂ ಹೆಚ್ಚಿತು. ನಿಜವನ್ನು ಹೇಳಬೇಕಾದರೆ, ಹಿಂದೆ ಲಿನಕ್ಸಿಗೆಂದೇ ಮಾಡಿ ಬಿಟ್ಟುಬಿಟ್ಟ ಎಷ್ಟೋ ಆಟಗಳು ಹೊಸ ಆವೃತ್ತಿಗಳ ಮೇಲೆ ಮುಗ್ಗರಿಸುವಾಗ, ಅವುಗಳ ವಿಂಡೋಸ್ ರೂಪವೇ ಪ್ರೋಟಾನಿನ ಮುಖಾಂತರ ಸುಖವಾಗಿ ನಡೆಯುವದು. ಪೋಷಿಸುವವರಿಲ್ಲದ ಮೂಲಕ್ಕಿಂತ ಜಾಗರೂಕನಾದ ದುಭಾಷಿಯು ಮೇಲೆಂದು ಒಪ್ಪಲೇಬೇಕು.

ಆದರೆ ದುಭಾಷಿಯು ಚೆನ್ನಾಗಿದ್ದಷ್ಟೂ ಕರ್ತರು ಎರಡನೆಯ ಸಲ ಉಳಿ ಹಿಡಿಯುವದನ್ನು ಬಿಡುವರು. ಮೇಲಾಗಿ, ದುಭಾಷಿಯನ್ನು ಒಳಗೆ ಬಿಡುವದೂ ಹೊರಗೆ ನಿಲ್ಲಿಸುವದೂ ಮನೆಯ ಯಜಮಾನನ ಇಚ್ಛೆ. ಏಪೆಕ್ಸ್ ಲೆಜೆಂಡ್ಸ್ ಎಂಬ ಆಟವು ಹೀಗೆಯೇ ನಡೆಯುತ್ತಿದ್ದು, 2024ರ ಅಕ್ಟೋಬರದ ಕೊನೆಗೆ ಲಿನಕ್ಸಿನವರನ್ನೆಲ್ಲ ಒಮ್ಮೆಲೆ ಹೊರಗಿಟ್ಟಿತು. ಲಿನಕ್ಸಿನ ಮೇಲೆ ಮೋಸದ ಆಟಗಾರರನ್ನು ಹಿಡಿಯುವದು ಕಷ್ಟವೆಂಬದು ಅವರ ಸಮಾಧಾನ. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಮೋಸವನ್ನು ತಡೆಯುವ ಕಾವಲುಗಾರನನ್ನು ಯಂತ್ರದ ಗರ್ಭಗುಡಿಯಲ್ಲಿಯೇ ಕೂಡಿಸುವ ರೂಢಿ ಅವರದು, ಗರ್ಭಗುಡಿಯನ್ನು ಯಾರಾದರೂ ತಿದ್ದಬಹುದಾದ ಲಿನಕ್ಸಿನಲ್ಲಿ ಆ ಕಾವಲು ನಿಲ್ಲದು. ಲಿನಕ್ಸಿನ ಪಂಗಡಗಳು ಅನೇಕವಾದ್ದರಿಂದ ಎಲ್ಲದರ ಮೇಲೆಯೂ ಪರೀಕ್ಷಿಸುವದು ಚಿಕ್ಕ ಮಂಡಳಿಗೆ ಹೊರೆಯೆಂಬದೂ ಸತ್ಯ. ಆದರೆ ಮೋಸಗಾರನೊಂದಿಗೆ ಪ್ರಾಮಾಣಿಕನನ್ನೂ ಹೊರಹಾಕುವದು ಕಾವಲೇ ಹೊರತು ನ್ಯಾಯವಲ್ಲ.

ನಮ್ಮ ಹುಡುಗನೂ ದುಭಾಷಿಯನ್ನು ನಂಬಿ ತನ್ನ ಆಟವನ್ನು ಕೊಂಡಿದ್ದನು. ಎರಡು ತಿಂಗಳು ಆಡಿದನು. ಒಂದು ದಿನ ತಿದ್ದುಪಡಿ ಬಂದು ಬಾಗಿಲು ಮುಚ್ಚಿತು. ಹಣ ಮರಳಿಸುವ ಅವಧಿಯು ಎಂದೋ ತೀರಿಹೋಗಿತ್ತು. ಗೆಳೆಯರು ರಾತ್ರಿ ಆಡಿದ ಆಟದ ಕಥೆಯನ್ನು ಬಸ್ಸಿನಲ್ಲಿ ಹೇಳುವಾಗ ಅವನು ಕಿಟಕಿಯ ಹೊರಗೆ ನೋಡುವನು. ಹದಿನಾರು ವರ್ಷದವನಿಗೆ ಹೋದ ರೊಕ್ಕಕ್ಕಿಂತ ಇದೇ ದೊಡ್ಡ ಹಾನಿ.

ಇದಕ್ಕೆ ತಿರುಗುಬಾಣವಾಗಿ ಡೂಮಿನ ಕಥೆಯನ್ನು ನೋಡಬೇಕು. ಅದರ ಕರ್ತರು 1997ರ ಡಿಸೆಂಬರದಲ್ಲಿ ಮೂಲಸಂಕೇತವನ್ನೇ ಲೋಕಕ್ಕೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದೂ ಲಿನಕ್ಸಿನ ಪಾಠವನ್ನೇ. ಅಂದಿನಿಂದ ಅದನ್ನು ಹೊಸಹೊಸ ಯಂತ್ರಗಳಿಗೆ ಇಳಿಸಿದವರಿಗೆ ಎಣೆಯಿಲ್ಲ. ಯಾವ ಅಂಗಡಿಯವನೂ ಅದನ್ನು ಇನ್ನು ಮುಚ್ಚಲಾರನು. ಕನ್ನಡದ ಮಕ್ಕಳಿಗೂ ಇಂಥದು ದೂರದ ಮಾತಲ್ಲ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯವರು ಅಣಿಗೊಳಿಸಿದ ಲಿನಕ್ಸೇ ನಡೆಯುವದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಮೊದಲಿನಿಂದ ಅದರ ಮೇಲೆಯೇ ಕೈ ತಿದ್ದುವರು. ಫ್ರಾನ್ಸಿನವನೊಬ್ಬನು 2000ದಲ್ಲಿ ಆರಂಭಿಸಿದ ಜಿಕಾಂಪ್ರಿಯಂಥ ಕಲಿಯುವ ಆಟಗಳಿಗೆ ಅಲ್ಲಿ ಬೆಲೆಯಿಲ್ಲ, ಬಾಗಿಲೂ ಇಲ್ಲ. ಶಾಲೆ ಬಿಟ್ಟು ಅಂಗಡಿಗೆ ಬಂದಾಗಲೇ ಆ ಮಕ್ಕಳು ತಾವು ಕಲಿತ ಲಿಪಿಯು ಅಲ್ಲಿ ಸಲ್ಲದೆಂಬದನ್ನು ಅರಿಯುವರು.

ಎಲ್ಲ ಕರ್ತರೂ ಮೂಲವನ್ನು ಬಿಟ್ಟುಕೊಡಲೆಂದು ಕೇಳುವದು ಅತಿಯಾದೀತು. ಹೊಟ್ಟೆಯ ಪ್ರಶ್ನೆ ಅವರಿಗೂ ಇದೆ. ಆದರೆ ಅಂಗಡಿಯವರಿಂದ ಇಷ್ಟನ್ನು ಕೇಳಬಹುದು. ಯಂತ್ರದ ಗರ್ಭಗುಡಿಯಲ್ಲಿ ಕಾವಲುಗಾರನನ್ನು ಕೂಡಿಸುವ ಆಟಗಳು ಆ ಸಂಗತಿಯನ್ನು ಪುಟದ ಮೇಲೆಯೇ ಹೇಳಬೇಕೆಂದು ಸ್ಟೀಮಿನವರು 2024ರಲ್ಲಿ ವಿಧಿಸಿದರು. ಹಾಗೆಯೇ, ಈ ಆಟವು ಲಿನಕ್ಸಿಗೆಂದು ಮಾಡಿದ್ದೋ ದುಭಾಷಿಯ ದಯದಿಂದ ನಡೆಯುತ್ತಿರುವದೋ, ಬಾಗಿಲು ಮುಚ್ಚಿದರೆ ಕೊಂಡವನ ಹಣದ ಗತಿಯೇನು ಎಂಬದನ್ನೂ ಬೆಲೆಯ ಕೆಳಗೆ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲಿ. ಹುಡುಗನು ಹಣ ಕೊಡುವ ಮೊದಲು ಓದಿಕೊಳ್ಳುವನು.